ಗ್ಯಾಸೋ, ಪ್ರೊಪೋಫಾಲೋ, ಬೆನ್ನಿನ ಸೂಜಿಯೋ: ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುನ್ನ ಕೇಳುವ ಪ್ರಶ್ನೆ

ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಹೆಂಡತಿಯನ್ನು ಅರಿವಳಿಕೆ ತಪಾಸಣೆಗೆ ಕರೆತಂದಿದ್ದರು. ಸ್ತನದಲ್ಲಿ ಗಡ್ಡೆ, ಬಯಾಪ್ಸಿ ಆಗಿದೆ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ನಾನು ಆಕೆಯ ಬಾಯಿ ತೆರೆಸಿ, ಕತ್ತು ಹಿಂದಕ್ಕೆ ಬಾಗಿಸಿ, ಅಲುಗುವ ಹಲ್ಲು ಇದೆಯೇ ಎಂದು ಕೇಳುತ್ತಿರುವಾಗ ಗಂಡ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ಹೊರತೆಗೆದರು. ವಾಟ್ಸಾಪಿನಲ್ಲಿ ಬಂದದ್ದನ್ನು ಮಗಳು ಮುದ್ರಿಸಿಕೊಟ್ಟಿದ್ದಳಂತೆ.

“ಗ್ಯಾಸ್ ಕೊಟ್ಟರೆ ರೋಗನಿರೋಧಕ ಶಕ್ತಿ ಕುಸಿದು ಕ್ಯಾನ್ಸರ್ ಮತ್ತೆ ಬರುತ್ತದಂತೆ ಡಾಕ್ಟರೇ. ನೀವು ಪ್ರೊಪೋಫಾಲ್‌ನಲ್ಲೇ ಮಾಡಬೇಕು. ಖರ್ಚು ಎಷ್ಟಾದರೂ ಆಗಲಿ.”

ಗ್ಯಾಸ್ ಎಂದರೆ ಉಸಿರಿನ ಮೂಲಕ ಕೊಡುವ ಅರಿವಳಿಕೆ, ಪ್ರೊಪೋಫಾಲ್ ರಕ್ತನಾಳಕ್ಕೆ ಕೊಡುವಂಥದ್ದು. ಕಾಗದದಲ್ಲಿದ್ದದ್ದು ಪೂರ್ತಿ ಸುಳ್ಳಾಗಿದ್ದರೆ ಎರಡು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಅರ್ಧ ನಿಜವಾಗಿದ್ದರಿಂದ ಅರ್ಧ ಗಂಟೆ ಹಿಡಿಯಿತು. ಹೊರಗೆ ಕಾಯುತ್ತಿದ್ದವರು ಬಾಗಿಲು ತಳ್ಳಿ ಇಣುಕಿ ನೋಡುವವರೆಗೂ ಮಾತಾಡಿದೆವು. ಹಾಸನದಲ್ಲಿ ಈ ಪ್ರಶ್ನೆ ಈಗ ಒಬ್ಬರದಲ್ಲ. ಹಾಗಾಗಿ ಅಂದಿನ ಮಾತನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹೂವು ಬೇರೆ, ಫಸಲು ಬೇರೆ

ಗಡ್ಡೆಯನ್ನು ಬಿಡಿಸಿ ತೆಗೆಯುವಾಗ ಒಂದಿಷ್ಟು ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಜಾರಿಕೊಳ್ಳಬಹುದು. ಇಂಥ ತಪ್ಪಿಸಿಕೊಂಡ ಕೋಶಗಳನ್ನು ಹಿಡಿದು ಮುಗಿಸುವವುಗಳಲ್ಲಿ ಎನ್‌ಕೆ ಕೋಶಗಳು, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು, ಮುಖ್ಯವಾದವು. 1970ರ ದಶಕದಲ್ಲಿ ಗುರುತಿಸಲಾದ ಈ ಬಿಳಿ ರಕ್ತಕಣಗಳಿಗೆ ಶತ್ರುವಿನ ಪೂರ್ವಪರಿಚಯ ಬೇಕಿಲ್ಲ. ಕಷ್ಟವೆಂದರೆ, ಅವು ಹೆಚ್ಚು ಬೇಕಾದ ಹೊತ್ತಿನಲ್ಲೇ ಮಂಕಾಗಿರುತ್ತವೆ. ಚರ್ಮಕ್ಕೆ ಕತ್ತಿ ತಾಗಿದೊಡನೆ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳನ್ನು ಸುರಿಸುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಉರಿಯೂತದ ಸಂದೇಶವಾಹಕ ಇಂಟರ್‌ಲ್ಯೂಕಿನ್-6 ಏರುತ್ತದೆ. ಅದರ ಬೆನ್ನಿಗೇ ಯಕೃತ್ತು ಉರಿಯೂತದ ಸೂಚಕವಾದ ಸಿಆರ್‌ಪಿ ತಯಾರಿಸಲು ತೊಡಗುತ್ತದೆ. ಅದು ಎರಡು-ಮೂರನೆಯ ದಿನ ತುದಿ ಮುಟ್ಟುತ್ತದೆ. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಹೆಚ್ಚಿ ಲಿಂಫೋಸೈಟ್ ಕುಗ್ಗುತ್ತದೆ, ಎನ್‌ಕೆ ಕೋಶಗಳ ಚುರುಕು ಹಲವು ದಿನ ತಗ್ಗಿರುತ್ತದೆ. ಇದರಲ್ಲಿ ದೊಡ್ಡ ಪಾಲು ಶಸ್ತ್ರಚಿಕಿತ್ಸೆಯದೇ. ಅರಿವಳಿಕೆಯದು ಅದರ ಮೇಲೆ ಬೀಳುವ ಸಣ್ಣ ಪಾಲು.

ಈ ಸಣ್ಣ ಪಾಲಿನ ವ್ಯತ್ಯಾಸವನ್ನು ರಕ್ತದಲ್ಲಿ ಅಳೆಯಬಹುದು, ಅಳೆದೂ ಇದ್ದಾರೆ. ಆದರೆ ರೋಗಿಗೆ ಬೇಕಾದದ್ದು ಬೇರೆ: ಐದು ವರ್ಷದ ನಂತರ ನಾನು ಇರುತ್ತೇನೆಯೇ, ಗಡ್ಡೆ ಮರಳುತ್ತದೆಯೇ? ಆ ಬೆಳೆಗಾರರಿಗೆ ಅವರ ಭಾಷೆಯಲ್ಲೇ ಹೇಳಿದೆ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ನೀವು ಮೂಟೆಯ ಲೆಕ್ಕ ಬರೆದಿಡುತ್ತೀರಾ? ಅದರ ಹಿಂದೆ ಇನ್ನೊಂದು ಮಳೆ ಬರಬೇಕು, ಕಾಯಿ ಕಟ್ಟಬೇಕು, ಆಷಾಢದ ಜಡಿಮಳೆಗೆ ಉದುರದೆ ಉಳಿಯಬೇಕು. ಫಸಲು ಗೊತ್ತಾಗುವುದು ಕೊಯ್ದು, ಒಣಗಿಸಿ, ತೂಗಿದಾಗ. ರಕ್ತದ ಈ ಅಂಕಿಗಳು ಹೂವು. ಅವರು ನಕ್ಕರು, ಆದರೆ ಕಾಗದವನ್ನು ಮಡಿಸಲಿಲ್ಲ.

ಗ್ಯಾಸ್ ಮತ್ತು ಪ್ರೊಪೋಫಾಲ್

ಮೊದಲು ಒಂದು ಗೊಂದಲ ಬಿಡಿಸಬೇಕು. ‘ಗ್ಯಾಸ್ ಅರಿವಳಿಕೆ’ ಎಂದಾಗಲೂ ದೊಡ್ಡವರನ್ನು ನಿದ್ದೆಗೆ ಜಾರಿಸುವುದು ಬಹುಪಾಲು ಪ್ರೊಪೋಫಾಲ್‌ನಿಂದಲೇ. ಹಾಲಿನ ಬಣ್ಣದ ಆ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟ ಅರ್ಧ-ಮುಕ್ಕಾಲು ನಿಮಿಷದಲ್ಲಿ ಕಣ್ಣು ಮುಚ್ಚುತ್ತದೆ. ಪ್ರಶ್ನೆ ಇರುವುದು ಆ ನಿದ್ದೆಯನ್ನು ಎರಡು-ಮೂರು ಗಂಟೆ ಹೇಗೆ ಕಾಯುವುದು ಎನ್ನುವುದರಲ್ಲಿ. ಸೆವೊಫ್ಲುರೇನ್ ಅಥವಾ ಐಸೊಫ್ಲುರೇನ್ ಎಂಬ ಆವಿಯನ್ನು ಉಸಿರಿನ ಮೂಲಕ ಕೊಡಬಹುದು, ಇಲ್ಲವೇ ಪ್ರೊಪೋಫಾಲನ್ನೇ ಸಿರಿಂಜ್ ಪಂಪಿನಲ್ಲಿ ಕೊನೆಯವರೆಗೂ ಹನಿಸಬಹುದು.

ಪ್ರಯೋಗಾಲಯದ ಮಾತನ್ನು ಕೇಳಿದರೆ ಪ್ರೊಪೋಫಾಲ್ ಒಳ್ಳೆಯ ಹುಡುಗ. 2003ರಲ್ಲಿ ಇಸ್ರೇಲಿನ ತಂಡವೊಂದು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಹ್ಯಾಲೋಥೇನ್, ಥಯೋಪೆಂಟೋನ್, ಕೀಟಮಿನ್ ಮೂರೂ ಎನ್‌ಕೆ ಕೋಶಗಳ ಶಕ್ತಿಯನ್ನು ಕುಂದಿಸಿದವು, ಶ್ವಾಸಕೋಶದಲ್ಲಿ ಉಳಿದ ಕ್ಯಾನ್ಸರ್ ಕೋಶಗಳೂ ಹೆಚ್ಚಿದವು; ಪ್ರೊಪೋಫಾಲ್ ಹಾಗೆ ಮಾಡಲಿಲ್ಲ. ಆವಿಯ ಔಷಧಿಗಳು ಕೆಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಆಮ್ಲಜನಕದ ಕೊರತೆಯನ್ನು ತಾಳಿಕೊಳ್ಳಲು ನೆರವಾಗುವ ಎಚ್‌ಐಎಫ್-1 ಎಂಬ ಪ್ರೋಟೀನನ್ನು ಹೆಚ್ಚಿಸುತ್ತವೆ ಎಂದೂ ಕಂಡುಬಂದಿದೆ. ಮನುಷ್ಯರ ರಕ್ತ ತೆಗೆದು ನೋಡಿದ ಸಣ್ಣ ಅಧ್ಯಯನಗಳು ಮಾತ್ರ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕೆಲವದರಲ್ಲಿ ಪ್ರೊಪೋಫಾಲ್ ಪಡೆದವರ ಅಂಕಿ ಚೆನ್ನಾಗಿತ್ತು, ಕೆಲವದರಲ್ಲಿ ವ್ಯತ್ಯಾಸವೇ ಇರಲಿಲ್ಲ.

ವಾಟ್ಸಾಪಿನ ಕಾಗದಕ್ಕೆ ಬೆಂಕಿ ಹಚ್ಚಿದ್ದು ಬಹುಶಃ 2016ರ ಲಂಡನ್ ಅಧ್ಯಯನ. ಅಲ್ಲಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ಏಳು ಸಾವಿರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳ ಹಳೆಯ ದಾಖಲೆಗಳನ್ನು ತಿರುವಿ ನೋಡಿದಾಗ, ಗ್ಯಾಸ್ ಪಡೆದವರಲ್ಲಿ ಸಾವಿನ ಅಪಾಯ ಪ್ರೊಪೋಫಾಲ್ ಪಡೆದವರಿಗಿಂತ ಸುಮಾರು ಶೇ. 46ರಷ್ಟು ಹೆಚ್ಚು ಕಂಡಿತು. ಅಂಕಿ ಗಾಬರಿ ಹುಟ್ಟಿಸುವಂಥದ್ದೇ. ಆದರೆ ಅದು ಹಳೆಯ ಕಡತಗಳ ಲೆಕ್ಕ. ಯಾರಿಗೆ ಯಾವುದನ್ನು ಕೊಟ್ಟರು, ಏಕೆ ಕೊಟ್ಟರು ಎನ್ನುವುದರಲ್ಲಿ ವೈದ್ಯರ ಅಭ್ಯಾಸ, ರೋಗಿಯ ಸ್ಥಿತಿ ಎಲ್ಲವೂ ಬೆರೆತಿರುತ್ತದೆ. ಎಷ್ಟು ಜಾಲಾಡಿದರೂ ಒಂದಿಷ್ಟು ಕಲ್ಲು ಉಳಿಯುತ್ತದೆ.

ಆ ಕಲ್ಲನ್ನು ತೆಗೆಯುವ ದಾರಿ, ಯಾರಿಗೆ ಯಾವ ಔಷಧಿ ಎಂಬುದನ್ನು ವೈದ್ಯರಿಗೆ ಬಿಡದೆ ಚೀಟಿ ಎತ್ತುವುದು. ಸ್ವೀಡನ್ನಿನವರ ಮುಂದಾಳತ್ವದಲ್ಲಿ ಸ್ತನ ಕ್ಯಾನ್ಸರಿನ 1,700ಕ್ಕೂ ಹೆಚ್ಚು ರೋಗಿಗಳನ್ನು ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರೊಪೋಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಕೊಟ್ಟು ಐದು ವರ್ಷ ಕಾದರು. 2023ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಸ್ತನ ಕ್ಯಾನ್ಸರಿನ ಮಾತು. ಹೊಟ್ಟೆಯ, ಶ್ವಾಸಕೋಶದ ಕ್ಯಾನ್ಸರಿಗೆ ಇದನ್ನೇ ಎತ್ತಿ ಅಂಟಿಸಬಾರದು.

ಹಾಗಾದರೆ ಆಯ್ಕೆ ಹೇಗೆ? ಬೇರೆ ಕಾರಣಗಳ ಮೇಲೆ. ಬಸ್ಸು ಹತ್ತಿದರೆ ವಾಂತಿ ಮಾಡುವವರು, ಹಿಂದಿನ ಶಸ್ತ್ರಚಿಕಿತ್ಸೆಯ ನಂತರ ದಿನವಿಡೀ ವಾಂತಿಯಿಂದ ನರಳಿದವರು ಪ್ರೊಪೋಫಾಲ್ ಕೇಳಲಿ. ಅದರಲ್ಲಿ ವಾಂತಿ ಕಡಿಮೆ, ಇದು ಖಚಿತ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ಮೈ ವಿಪರೀತ ಕಾದು ಸ್ನಾಯು ಬಿಗಿದುಕೊಂಡ ಘಟನೆ ನಡೆದಿದ್ದರೆ ಗ್ಯಾಸ್ ಬೇಡವೇ ಬೇಡ, ತಪ್ಪದೆ ಹೇಳಿ. ಉಬ್ಬಸದವರಿಗೆ ಸೆವೊಫ್ಲುರೇನ್ ಶ್ವಾಸನಾಳವನ್ನು ಸಡಿಲಿಸಿ ಉಪಕಾರ ಮಾಡುತ್ತದೆ. ಇನ್ನೊಂದು ವಿಷಯ ರೋಗಿಗಳಿಗೆ ಯಾರೂ ಹೇಳುವುದಿಲ್ಲ. ಆವಿ ಎಷ್ಟು ಹೋಗುತ್ತಿದೆ ಎಂದು ಯಂತ್ರ ಪ್ರತಿ ಉಸಿರಿಗೂ ತೋರಿಸುತ್ತದೆ. ಪಂಪಿನಲ್ಲಿ ಹರಿಯುವ ಪ್ರೊಪೋಫಾಲ್‌ಗೆ ಆ ಸೌಲಭ್ಯವಿಲ್ಲ. ಕೈಯ ಸೂಜಿ ಜಾರಿದರೆ ರೋಗಿ ನಡುವೆ ಎಚ್ಚರಗೊಳ್ಳಬಹುದು, ಅದಕ್ಕೇ ಮೆದುಳಿನ ಅಲೆಗಳನ್ನು ನೋಡುವ ಮಾನಿಟರ್ ಇರುವುದು ಒಳ್ಳೆಯದು. ದಿನವೂ ಗ್ಯಾಸಿನಲ್ಲಿ ಕೈ ಪಳಗಿದ ತಜ್ಞರನ್ನು ಹಟ ಹಿಡಿದು ಅಪರೂಪದ ದಾರಿಗೆ ಎಳೆಯುವುದಕ್ಕಿಂತ ಪಳಗಿದ ಕೈಯನ್ನು ನಂಬುವುದು ಮೇಲು. ನಾನಾಗಿದ್ದರೆ ಹಾಗೇ ಮಾಡುತ್ತೇನೆ.

ಬೆನ್ನಿನ ಸೂಜಿ ಸೇರಿಸಬೇಕೇ?

ಬೆನ್ನುಹುರಿಯ ಹೊದಿಕೆಯ ಹೊರಗೆ ಮದ್ದು ಬಿಡುವ ಎಪಿಡ್ಯೂರಲ್, ಪಕ್ಕೆಲುಬಿನ ನರಗಳಿಗೆ ಬೆನ್ನಿನ ಬದಿಯಿಂದ ಕೊಡುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಮುಂತಾದವು ಕತ್ತರಿಸಿದ ಜಾಗದ ಸುದ್ದಿ ಮೆದುಳಿಗೆ ಹೋಗುವ ದಾರಿಯನ್ನೇ ಮುಚ್ಚುತ್ತವೆ. ಸುದ್ದಿ ಹೋಗದಿದ್ದರೆ ಕಾರ್ಟಿಸಾಲ್ ಅಷ್ಟು ಏರುವುದಿಲ್ಲ, ಮಾರ್ಫಿನ್ ಕಡಿಮೆ ಸಾಕಾಗುತ್ತದೆ, ಎನ್‌ಕೆ ಕೋಶಗಳಿಗೆ ಕಾಟ ಕಡಿಮೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ತರ್ಕ ಸಿಗದು. 2006ರಲ್ಲಿ 129 ಮಹಿಳೆಯರ ಹಳೆಯ ದಾಖಲೆಗಳಿಂದ ಬಂದ ವರದಿಯಲ್ಲಿ, ಸ್ತನ ತೆಗೆಸಿಕೊಂಡು ಮೂರು ವರ್ಷವಾದಾಗ ರೋಗ ಮರಳದೆ ಇದ್ದವರು ಬ್ಲಾಕ್ ಪಡೆದವರಲ್ಲಿ ಶೇ. 94, ಪಡೆಯದವರಲ್ಲಿ ಶೇ. 77 ಎಂದಿತ್ತು. ಆಗ ನಮ್ಮ ಬಳಗದಲ್ಲಿ ಅದರ ಮಾತೇ ಮಾತು. ನಾನೂ ಒಂದಿಷ್ಟು ವರ್ಷ ಆ ಹುರುಪಿನಲ್ಲೇ ಇದ್ದೆ.

ಹುರುಪು ಇಳಿಸಿದ್ದು 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಪ್ರಯೋಗ. 13 ಆಸ್ಪತ್ರೆಗಳು, ಎಂಟು ದೇಶಗಳು, ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರು. ಒಂದು ಗುಂಪಿಗೆ ಬ್ಲಾಕ್ ಮತ್ತು ಪ್ರೊಪೋಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಮತ್ತು ಮಾರ್ಫಿನ್ ಜಾತಿಯ ಔಷಧಿ. ಸ್ತನ ಕ್ಯಾನ್ಸರ್ ಮರುಕಳಿಸಿದ್ದು ಎರಡೂ ಕಡೆ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ. ದೀರ್ಘಕಾಲದ ನೋವಾದರೂ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ: ವರ್ಷದ ಕೊನೆಗೆ ಒಂದರಲ್ಲಿ ಶೇ. 28, ಇನ್ನೊಂದರಲ್ಲಿ ಶೇ. 27. ಹಳೆಯ ಕಡತ ತೋರಿಸಿದ ಅಷ್ಟು ದೊಡ್ಡ ಅಂತರ ಚೀಟಿ ಎತ್ತಿದ ಕೂಡಲೇ ಆವಿಯಾಯಿತು.

ಎದೆ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಬಂದರೆ ಚಿತ್ರ ಇನ್ನೂ ಸ್ವಾರಸ್ಯಕರ. ಚೀನಾದಲ್ಲಿ 60 ದಾಟಿದ ಸುಮಾರು 1,800 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಪಿಡ್ಯೂರಲ್ ಸೇರಿಸಿದ್ದರಿಂದ ಆಯುಸ್ಸೇನೂ ಹೆಚ್ಚಲಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಲ್ಲಿ ಕಾಣುವ ಗೊಂದಲ, ಹೊತ್ತು ಗೊತ್ತು ಮರೆತು ಬಡಬಡಿಸುವುದು, ಶೇ. 5ರಿಂದ ಶೇ. 1.8ಕ್ಕೆ ಇಳಿಯಿತು. ಅದಕ್ಕೆ ತೆತ್ತ ಬೆಲೆ ಎಂದರೆ ರಕ್ತದೊತ್ತಡ ಕುಸಿತ ಹೆಚ್ಚಿದ್ದು: ಶೇ. 32 ಇದ್ದದ್ದು ಶೇ. 49. ಎಪ್ಪತ್ತೈದರ ಅಜ್ಜನಿಗೆ ದೊಡ್ಡ ಕರುಳಿನ ಗಡ್ಡೆ ತೆಗೆಯಬೇಕು, ಹೃದಯ ಗಟ್ಟಿಯಾಗಿದೆ ಎಂದಾದರೆ ನಾನು ಎಪಿಡ್ಯೂರಲ್ ಪರ. ಕೆಮ್ಮಿ ಕಫ ತೆಗೆಯಲು, ಮರುದಿನ ಎದ್ದು ಕೂರಲು ಅದರಷ್ಟು ಸಹಾಯ ಬೇರೆಯದರಿಂದ ಸಿಗುವುದು ಕಷ್ಟ. ಹೃದಯದ ಕವಾಟ ಕಿರಿದಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿಲ್ಲದಿದ್ದರೆ, ಕೀಮೋದಿಂದ ಪ್ಲೇಟ್‌ಲೆಟ್ ಬಹಳ ಇಳಿದಿದ್ದರೆ ಬೇಡ.

ಮಾರ್ಫಿನ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಎನ್‌ಕೆ ಕೋಶಗಳನ್ನು ಕುಗ್ಗಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ನೋವೂ ಕುಗ್ಗಿಸುತ್ತದೆ. ‘ಕ್ಯಾನ್ಸರ್ ಬೆಳೆಯುತ್ತದಂತೆ’ ಎಂದು ಅಮ್ಮನಿಗೆ ನೋವಿನ ಇಂಜೆಕ್ಷನ್ ಬೇಡವೆಂದ ಮಗನೊಬ್ಬನನ್ನು ವಾರ್ಡಿನಲ್ಲಿ ಗದರಿಸಬೇಕಾಯಿತು.

ಲಿಗ್ನೋಕೇನ್ ಎಂಬ ಬಡವರ ಔಷಧಿ

ವಾಟ್ಸಾಪಿನ ಕಾಗದದಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಸಂಗತಿ ನಮ್ಮ ದೇಶದ್ದೇ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ನೇತೃತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ, ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗುವ ಆರಂಭ ಹಂತದ ಸ್ತನ ಕ್ಯಾನ್ಸರಿನ ಸುಮಾರು 1,600 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ಮಂದಿಗೆ ಗಡ್ಡೆ ತೆಗೆಯುವ 7ರಿಂದ 10 ನಿಮಿಷ ಮುಂಚೆ ಅದರ ಸುತ್ತ ಶೇ. 0.5ರ ಲಿಗ್ನೋಕೇನ್ ಚುಚ್ಚಿದರು. ಹಲ್ಲು ಕೀಳುವ ಮುಂಚೆ ಕೊಡುವ ಅದೇ ಔಷಧಿ. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐದು ವರ್ಷಕ್ಕೆ ರೋಗ ಮರಳದೆ ಬದುಕಿದ್ದವರು ಇಂಜೆಕ್ಷನ್ ಪಡೆಯದವರಲ್ಲಿ ಶೇ. 82.6, ಪಡೆದವರಲ್ಲಿ ಶೇ. 86.6. ಒಟ್ಟು ಬದುಕುಳಿದವರು ಶೇ. 86.4 ಮತ್ತು ಶೇ. 90.1.

ಇಲ್ಲಿ ಅಳೆದದ್ದು ಹೂವನ್ನಲ್ಲ, ಫಸಲನ್ನು. ಕೋಶಗಳ ಮೇಲ್ಮೈಯ ಸೋಡಿಯಂ ದ್ವಾರಗಳನ್ನು ಲಿಗ್ನೋಕೇನ್ ಮುಚ್ಚುವುದರಿಂದ ಅವು ಹೊರಡದೆ ನಿಲ್ಲುತ್ತವೆ ಎಂಬುದು ತರ್ಕ. ಹೋಲಿಕೆಯ ಗುಂಪಿಗೆ ಬರಿಯ ಉಪ್ಪುನೀರಿನ ಇಂಜೆಕ್ಷನ್ ಕೂಡ ಕೊಟ್ಟಿರಲಿಲ್ಲ, ಇನ್ನೊಂದು ತಂಡ ಇದನ್ನೇ ಮಾಡಿ ತೋರಿಸಬೇಕು ಎಂಬ ಆಕ್ಷೇಪಗಳು ಸರಿಯಾದವೇ. ಆದರೂ ಇಷ್ಟು ಅಗ್ಗದ, ಇಷ್ಟು ಹಳೆಯ ಔಷಧಿಯ ಬಗ್ಗೆ ನಿಮ್ಮ ಶಸ್ತ್ರಚಿಕಿತ್ಸಕರನ್ನು ಒಂದು ಮಾತು ಕೇಳುವುದರಲ್ಲಿ ನಷ್ಟವಿಲ್ಲ. ಕೇಳಬೇಕಾದದ್ದು ಶಸ್ತ್ರಚಿಕಿತ್ಸಕರನ್ನು, ನನ್ನಂಥವರನ್ನಲ್ಲ. ಸೂಜಿ ಹಿಡಿಯುವವರು ಅವರು.

ಯಾವ ರಕ್ತ ಪರೀಕ್ಷೆಗೆ ದುಡ್ಡು ಕೊಡಬಹುದು

ಎನ್‌ಕೆ ಕೋಶಗಳ ಎಣಿಕೆ, ಸಿಡಿ4–ಸಿಡಿ8 ಅನುಪಾತ, ಇಂಟರ್‌ಲ್ಯೂಕಿನ್‌ಗಳ ಪಟ್ಟಿ ಹಿಡಿದು ‘ಇಮ್ಯೂನಿಟಿ ಪರೀಕ್ಷೆ’ ಮಾಡಿಸಲು ಹೊರಡಬೇಡಿ. ಎಣಿಕೆಗೂ ಆ ಕೋಶಗಳ ಕೊಲ್ಲುವ ಶಕ್ತಿಗೂ ನೇರ ಸಂಬಂಧವಿಲ್ಲ, ಮತ್ತು ಬಂದ ಅಂಕಿಯಿಂದ ನಿಮ್ಮ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ. ಸಿಇಎ, ಸಿಎ-125 ಮುಂತಾದವು ಗಡ್ಡೆಯ ಸೂಚಕಗಳು. ಅವು ಬೇರೆಯೇ ಕುಲದವು, ಕ್ಯಾನ್ಸರ್ ತಜ್ಞರು ಬರೆದರೆ ಮಾಡಿಸಿ.

ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತವನ್ನು ಸಾಮಾನ್ಯ ರಕ್ತ ಪರೀಕ್ಷೆಯ ಚೀಟಿಯಿಂದಲೇ ಭಾಗಾಕಾರ ಮಾಡಿ ಹೇಳಬಹುದು. ಈಚೆಗೆ ಮಕ್ಕಳು ಮೊಬೈಲಿನಲ್ಲಿ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಶಸ್ತ್ರಚಿಕಿತ್ಸೆಯ ಮರುದಿನ ಅದು ಏರಿರುವುದು ಸಹಜ. ವಾಂತಿ ತಡೆಯಲು ನಾವು ಕೊಡುವ ಡೆಕ್ಸಾಮೆಥಸೋನ್ ಒಂದೇ ಸಾಕು, ಅದನ್ನು ಇನ್ನಷ್ಟು ಏರಿಸಲು. ಈ ಸ್ಟೀರಾಯ್ಡ್‌ನಿಂದ ಗಾಯ ಸೋಂಕಾಗುತ್ತದೆ ಎಂಬ ಭಯವೂ ಬೇಡ: 8,000ಕ್ಕೂ ಹೆಚ್ಚು ರೋಗಿಗಳ ಮೇಲೆ 8 ಮಿಲಿಗ್ರಾಂನ ಒಂದು ಡೋಸ್ ಕೊಟ್ಟು ನೋಡಿದ 2021ರ ಪ್ರಯೋಗದಲ್ಲಿ ಸೋಂಕು ಹೆಚ್ಚಲಿಲ್ಲ.

ಸಿಆರ್‌ಪಿ ಮಾತ್ರ ಕೆಲಸಕ್ಕೆ ಬರುವ ಪರೀಕ್ಷೆ, ಅದೂ ಬೇರೆ ಕಾರಣಕ್ಕೆ. ಮೂರನೆಯ ದಿನದ ನಂತರ ಇಳಿಯಬೇಕಾದದ್ದು ಇಳಿಯದೆ ಮತ್ತೆ ಹತ್ತಿದರೆ, ಕರುಳಿನ ಹೊಲಿಗೆ ಸೋರುತ್ತಿದೆಯೇ, ಕೀವು ಕಟ್ಟಿದೆಯೇ ಎಂದು ಶಸ್ತ್ರಚಿಕಿತ್ಸಕರು ಹುಡುಕಲು ಶುರುಮಾಡುತ್ತಾರೆ.

ಹಟ ಹಿಡಿಯುವುದಾದರೆ ಇವುಗಳಿಗೆ ಹಿಡಿಯಿರಿ

ಬೆಚ್ಚಗಿಡುವುದು. ಜೂನ್–ಜುಲೈ ಮಳೆಯಲ್ಲಿ ಮೂಡಿಗೆರೆಯಿಂದ ನಡುಗುತ್ತಾ ಬಂದವರನ್ನು ಎ.ಸಿ. ಹಾಕಿದ ಓಟಿಯಲ್ಲಿ ತೆಳು ಬಟ್ಟೆಯಲ್ಲಿ ಮಲಗಿಸಿದರೆ ಮೈ ಬಿಸಿ 35 ಡಿಗ್ರಿಗಿಂತ ಕೆಳಗೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ. 1996ರಲ್ಲಿ ಕರುಳಿನ ಶಸ್ತ್ರಚಿಕಿತ್ಸೆಯ 200 ರೋಗಿಗಳಲ್ಲಿ ನೋಡಿದಾಗ, ತಣ್ಣಗಾದವರಲ್ಲಿ ಗಾಯದ ಸೋಂಕು ಶೇ. 19, ಬೆಚ್ಚಗಿಟ್ಟವರಲ್ಲಿ ಶೇ. 6. ಪ್ರೊಪೋಫಾಲ್ ಇದೆಯೇ ಎನ್ನುವ ಮೊದಲು ಬಿಸಿಗಾಳಿಯ ಹೊದಿಕೆ ಇದೆಯೇ ಎಂದು ಕೇಳಿ. ಈ ಪ್ರಶ್ನೆ ಕೇಳಿದವರು ನನಗೆ ಇದುವರೆಗೆ ಸಿಕ್ಕಿಲ್ಲ.

ರಕ್ತ. ಹಿಮೋಗ್ಲೋಬಿನ್ ಎಂಟರಲ್ಲಿ ಬಂದು ‘ಒಂದು ಬಾಟಲಿ ರಕ್ತ ಹಾಕಿಬಿಡಿ’ ಎನ್ನುವುದು ನಮ್ಮಲ್ಲಿ ಅಭ್ಯಾಸ. ಬೇರೆಯವರ ರಕ್ತ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುತ್ತದೆ ಎನ್ನುವುದು ಬಹಳ ಹಿಂದಿನಿಂದ ತಿಳಿದ ಸಂಗತಿ. ಪ್ರಾಣ ಉಳಿಸಲು ಬೇಕಾದಾಗ ಹಾಕಲೇಬೇಕು. ಆದರೆ ಎರಡು-ಮೂರು ವಾರ ಸಮಯವಿದ್ದರೆ ರಕ್ತನಾಳಕ್ಕೆ ಕಬ್ಬಿಣಾಂಶ ಕೊಡಿಸಿಕೊಂಡು ಬನ್ನಿ. ಸಕ್ಕರೆ ಕಾಯಿಲೆಯವರು 180ರ ಒಳಗೆ ಇಟ್ಟುಕೊಂಡು ಬನ್ನಿ. ಬೀಡಿ, ಹೊಗೆಸೊಪ್ಪು ಇವತ್ತೇ ಬಿಡಿ; ನಾಲ್ಕು ವಾರ ಬಿಟ್ಟರೆ ಶ್ವಾಸಕೋಶ ನನ್ನ ಮಾತು ಕೇಳುತ್ತದೆ. ಮೊಟ್ಟೆ, ಹಾಲು, ಮೊಳಕೆಕಾಳು ತಿನ್ನಿಸಿ, ಅಂಗಳದಲ್ಲಿ ನಡೆದಾಡಿಸಿ. ನಾಟಿ ಔಷಧಿ, ಕಷಾಯ ಏನು ಕುಡಿಸುತ್ತಿದ್ದರೂ ಮುಚ್ಚಿಡದೆ ಹೇಳಿ, ಬೈಯುವುದಿಲ್ಲ.

ಹಾಸನವೋ, ಮಂಗಳೂರೋ, ಬೆಂಗಳೂರೋ

ಅರಿವಳಿಕೆಯ ಔಷಧಿಗಾಗಿ ಊರು ಬದಲಿಸಬೇಡಿ. ಊರು ಬದಲಿಸಲು ಬೇರೆ ಒಳ್ಳೆಯ ಕಾರಣಗಳಿವೆ: ಅನ್ನನಾಳ, ಮೇದೋಜೀರಕ, ಬಾಯಿ-ದವಡೆಯಂಥ ಕಷ್ಟದ ಗಡ್ಡೆಗಳಿಗೆ ಆ ಶಸ್ತ್ರಚಿಕಿತ್ಸೆಯನ್ನು ವಾರ ವಾರವೂ ಮಾಡುವ ತಂಡ ಬೇಕು, ನಂತರದ ತೀವ್ರ ನಿಗಾ ಘಟಕ ಬೇಕು. ಅಂಥದ್ದಕ್ಕೆ ಬೆಂಗಳೂರಿನ ಕಿದ್ವಾಯಿಗೋ ಮಂಗಳೂರಿನ ದೊಡ್ಡ ಆಸ್ಪತ್ರೆಗೋ ಹೋಗುವುದು ಸರಿ. ಮಂಗಳೂರಾದರೆ ಒಂದು ಕಿವಿಮಾತು: ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಕೀಮೋದ ದಿನ ತಪ್ಪುತ್ತದೆ, ಅಲ್ಲೇ ನೆಂಟರ ಮನೆ ಗೊತ್ತುಮಾಡಿಕೊಂಡಿರಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಾಮಾನ್ಯ ಸ್ತನದ, ಕರುಳಿನ ಗಡ್ಡೆಯನ್ನು ಹತ್ತಿರದಲ್ಲೇ ಬೇಗ ತೆಗೆಯುವ ಅವಕಾಶವಿದ್ದು, ಪಂಪಿಗಾಗಿ ದೂರದಲ್ಲಿ ಎರಡು ತಿಂಗಳು ಸರದಿ ಕಾಯುವುದು ನಷ್ಟದ ವ್ಯಾಪಾರ.

ಆ ಬೆಳೆಗಾರರ ಹೆಂಡತಿ ನಮ್ಮಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಬಿಡುಗಡೆಯ ದಿನ ಗಂಡ ನನ್ನನ್ನು ಹುಡುಕಿಕೊಂಡು ಬಂದು, ಕೊನೆಗೆ ಏನು ಕೊಟ್ಟಿರಿ ಎಂದು ಕೇಳಿದರು. ಪ್ರೊಪೋಫಾಲ್ ಎಂದೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದಾಗ ಎರಡು ದಿನ ವಾಂತಿಯಲ್ಲೇ ಕಳೆದಿದ್ದೆ ಎಂದು ಆಕೆ ತಪಾಸಣೆಯ ದಿನ ಮೆಲ್ಲಗೆ ಹೇಳಿದ್ದರು, ಕಾರಣ ಅದು ಎಂದೂ ಸೇರಿಸಿದೆ. ಮಾತಿನ ಮೊದಲ ಭಾಗವಷ್ಟೇ ಅವರ ಕಿವಿಗೆ ಬಿದ್ದಿತ್ತು. “ಮಗಳು ಕೊಟ್ಟ ಕಾಗದ ಕೆಲಸಕ್ಕೆ ಬಂತು” ಎಂದು ನಗುತ್ತಾ ಔಷಧಿ ಅಂಗಡಿಯ ಕಡೆ ನಡೆದರು. ಆಕೆ ಮಾತ್ರ ಗಾಲಿಕುರ್ಚಿಯಿಂದ ತಿರುಗಿ ನನ್ನನ್ನು ನೋಡಿ, ಈ ಸಲ ಒಂದು ಸಾರಿಯೂ ವಾಂತಿ ಬರಲಿಲ್ಲ ಎಂದರು.